ಮುಖ್ಯ ಅತಿಥಿಯ ಬಹುಮಾನ

ಉಗ್ರಾಣದ ಕಾಳು ದಿನೇದಿನೇ ಕರಗುತ್ತಿದ್ದುದನ್ನು ಕಂಡು ಇರುವೆಗಳು ತಮ್ಮ ಮರಿಗಳಿಗಾಗಿ ಭ್ರಷ್ಟಾಚಾರ ವಿರೋಧಿ ಜಾಗೃತಿ ಶಿಬಿರ ಏರ್ಪಡಿಸಿದವು. ವಿಷಯ ಬಲ್ಲವರೇ ಮಾತಾಡಲಿ ಎಂದು ಹಿರಿಯ ಇರುವೆ ಪಕ್ಕದ ಬಿಲದ ಹೆಗ್ಗಣವನ್ನು ಮುಖ್ಯ ಅತಿಥಿಯಾಗಿ ಕರೆತಂದಿತು.

ಹೆಗ್ಗಣ ಹಾರ ಹಾಕಿಸಿಕೊಂಡು ಒಂದು ಗಂಟೆ ಮಾತಾಡಿತು. "ಒಂದು ಕಾಳು ಕದ್ದರೂ ಅವನು ಗೂಡಿನ ದ್ರೋಹಿ" ಎಂದು ಮರಿಗಳಿಗೆ ಪ್ರಮಾಣವಚನ ಬೋಧಿಸಿತು. ಕೊನೆಗೆ, "ಪ್ರಶ್ನೆಗಳಿದ್ದರೆ ಕೇಳಿ" ಎಂದಿತು.

ಒಂದು ಮರಿ ಇರುವೆ ಎದ್ದು ನಿಂತಿತು. "ಸ್ವಾಮಿ, ನಮ್ಮ ಉಗ್ರಾಣದಿಂದ ನಿಮ್ಮ ಬಿಲದವರೆಗೆ ಸುರಂಗ ಕೊರೆದವರು ಯಾರು?"

"ಸೊಗಸಾದ ಪ್ರಶ್ನೆ. ಮೊದಲು ಬಹುಮಾನ ವಿತರಣೆ ಮುಗಿಯಲಿ" ಎಂದು ಹೆಗ್ಗಣ ಪ್ರತಿಯೊಂದು ಮರಿಯ ಬಾಯಿಗೂ ಒಂದೊಂದು ಅಕ್ಕಿಕಾಳು ಕೊಟ್ಟಿತು. ಹಿರಿಯ ಇರುವೆಗೆ ಬೆಲ್ಲದ ತುಂಡು ಸಿಕ್ಕಿತು. ಕಾಳು ಕಚ್ಚಿಕೊಂಡ ಇರುವೆಗೆ ಮಾತಾಡಲಾಗದು. "ಇನ್ನೇನೂ ಪ್ರಶ್ನೆಗಳಿಲ್ಲ ತಾನೆ?" ಎಂದು ಹೆಗ್ಗಣ ಕೇಳಿದಾಗ ಸಭೆ ಬಹಳ ಶಿಸ್ತಿನಿಂದ ಕೂತಿತ್ತು.

ಆ ಮರಿ ತನ್ನ ಕಾಳನ್ನು ಕೆಳಗಿಟ್ಟಿತು. "ಇದಕ್ಕೆ ನಮ್ಮ ಉಗ್ರಾಣದ ವಾಸನೆಯಿದೆ" ಎಂದಿತು.

ಪಕ್ಕದ ಮರಿ ಮೂಸಿ ನೋಡಿ ತನ್ನದನ್ನೂ ಕೆಳಗಿಟ್ಟಿತು. ಅದರ ಪಕ್ಕದ್ದೂ ಇಟ್ಟಿತು. ನೆಲ ಬೆಳ್ಳಗಾಗುತ್ತ ಬಂತು. ಹೆಗ್ಗಣ ಎದ್ದು, "ಆಚೆ ಗೂಡಿನಲ್ಲೂ ಇದೇ ವಿಷಯದ ಮೇಲೆ ನನ್ನ ಭಾಷಣವಿದೆ, ಹೊತ್ತಾಯಿತು" ಎಂದು ಬಾಗಿಲ ಕಡೆ ನಡೆಯಿತು.

"ಅಜ್ಜಾ, ಅವರನ್ನು ತಡೆಯಿರಿ" ಎಂದು ಮರಿಗಳು ಹಿರಿಯ ಇರುವೆಯ ಕಡೆ ತಿರುಗಿದವು.

ಬೆಲ್ಲ ಇನ್ನೂ ಅದರ ಬಾಯಲ್ಲೇ ಇತ್ತು.