ಹೆಸರಿನ ದಿಬ್ಬ

ಬೆಣ್ಣೀಹಳ್ಳವನ್ನು ದಾಟಿ ಮಸಬಿನಹಾಳದ ಕಡೆ ತಿರುಗುವ ರಸ್ತೆಯ ಎಡಕ್ಕೆ, ಕಣ್ಣು ಹಾಯುವಷ್ಟು ದೂರ ಹರಡಿದ ಎರೆಹೊಲಗಳ ನಡುವೆ, ಎರಡಾಳೆತ್ತರದ ಒಂದು ಮಣ್ಣಿನ ದಿಬ್ಬವಿದೆ. ಮೇಲೊಂದು ಬನ್ನಿಮರ, ಅದರ ಬುಡಕ್ಕೆ ಹಾಸಿದ ಮೂರು ಚಪ್ಪಡಿ, ಅಷ್ಟೇ. ಗುಡಿಯಿಲ್ಲ, ಗದ್ದುಗೆಯಿಲ್ಲ, ಶಾಸನವಿಲ್ಲ. ಬಸ್ಸಿನವರು ಇದನ್ನು ಹೆಸರಿನ ದಿಬ್ಬದ ಸ್ಟಾಪು ಎನ್ನುತ್ತಾರೆ. ಮುಂಗಾರಿನಲ್ಲಿ ಸುತ್ತಲೂ ಹೆಸರುಕಾಳಿನ ಬೆಳೆ ನಿಲ್ಲುವುದರಿಂದ, ಹೊಸಬರು ಇದು ಆ ಕಾಳು ಒಕ್ಕುತ್ತಿದ್ದ ಜಾಗವಿರಬೇಕೆಂದುಕೊಂಡು ಮುಂದೆ ಸಾಗುತ್ತಾರೆ. ಊರಿನ ಹಿರಿಯರು ಅದನ್ನು ಒಪ್ಪುವುದಿಲ್ಲ. ಇದು ಕಾಳಿನ ಹೆಸರಲ್ಲ, ಮನುಷ್ಯರ ಹೆಸರು. ಅದೂ ಏಳು ಸಮುದ್ರದಾಚೆಯ ಒಂದು ಒಕ್ಕಲುಮನೆತನದವರ ಹೆಸರು ಎನ್ನುತ್ತಾರೆ.

ಹಿಂದೆ ಒಮ್ಮೆ, ಕಂಪನಿ ಸರಕಾರದ ಕಾಲದಲ್ಲಿ, ಪರದೇಶದ ಹತ್ತಿಯನ್ನು ಈ ಮಣ್ಣಿನಲ್ಲಿ ಬೆಳೆದು ನೋಡಲೆಂದು ಒಬ್ಬ ಇಂಗ್ರೇಜಿ ರೈತ ಹೆಂಡತಿಯೊಡನೆ ಇಲ್ಲಿಗೆ ಬಂದನಂತೆ. ಹತ್ತಿ ಒಂದು ವರ್ಷ ಕೈಹಿಡಿಯಿತು, ಮರುವರ್ಷ ಕೈಕೊಟ್ಟಿತು. ಮೂರನೆಯ ವರ್ಷ ವಾಂತಿಭೇದಿಗೆ ಅವನೇ ಹೋದ. ಹೆಂಡತಿ ಉಳಿದಳು. ಆಕೆಯ ಹೆಸರು ಹೆಸ್ಟರ್. ಊರವರ ಬಾಯಲ್ಲಿ ಎಸ್ತರವ್ವ. ಧಾರವಾಡದ ಸಾಹೇಬರು ಹಡಗು ಹತ್ತಿಸಿ ಕಳಿಸುತ್ತೇವೆಂದರೂ ಆಕೆ ಒಪ್ಪಲಿಲ್ಲ. ದಿಬ್ಬದ ಪಕ್ಕದ ಹೊಲವನ್ನು ತಾನೇ ನಿಂತು ಮಾಡಿಸಿದಳು, ಹತ್ತಿ ಬಿಟ್ಟು ಜೋಳ ಬಿತ್ತಿದಳು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ, ಮೂಸಿ ನೋಡಿ, ಇವತ್ತು ಬಿತ್ತಬಹುದು ಅಥವಾ ಇನ್ನೆರಡು ದಿನ ತಡೆಯಬೇಕು ಎಂದು ಆಕೆ ಹೇಳಿದರೆ, ನೆರೆಹೊಲದ ಚನ್ನವೀರಗೌಡನೂ ಕೂರಿಗೆ ನಿಲ್ಲಿಸಿ ಕಾಯುತ್ತಿದ್ದ. ಆಕೆಯ ತವರಿನವರು ಮುನ್ನೂರು ವರ್ಷ ಒಂದೇ ಹೊಲವನ್ನು ಉತ್ತವರು. ಅಲ್ಲಿಗೆ ಮರಳದೆ ಇದ್ದುದಕ್ಕೂ ಒಂದು ಕಾರಣವಿತ್ತು. ತಂದೆ ತೀರಿಕೊಂಡ ಮೇಲೆ ಅಣ್ಣ ಸೈಲಸ್ ಮತ್ತು ಆಕೆ ಇಬ್ಬರೇ ಆ ಭೂಮಿಗೆ ದಿಕ್ಕಾಗಿದ್ದರು. ಬಿತ್ತನೆಯ ದಿನಗಳಲ್ಲಿ ಆಕೆ ಮದುವೆಯಾಗಿ ಹೊರಟು ನಿಂತಾಗ ಅಣ್ಣ ಬಯ್ಯಲಿಲ್ಲ, ಬೇಡವೆನ್ನಲಿಲ್ಲ. ಮನೆಯವರ ಹುಟ್ಟುಸಾವುಗಳನ್ನೆಲ್ಲ ಬರೆದಿಡುತ್ತಿದ್ದ ದೊಡ್ಡ ಬೈಬಲ್ಲನ್ನು ತೆಗೆದು, ಅಜ್ಜ ತನ್ನ ಕೈಯಾರೆ ಬರೆದಿದ್ದ ಅವಳ ಹೆಸರಿನ ಮೇಲೆ ಅವಳೆದುರಿಗೇ ಗೀಟೆಳೆದ. ಅಂದಿನಿಂದ ಒಂಬತ್ತು ವರ್ಷ ಇವಳು ಅವನಿಗೆ ಒಂದಕ್ಷರ ಬರೆದಿರಲಿಲ್ಲ.

ಒಂದು ಸುಗ್ಗಿಯಲ್ಲಿ ಹೆಳವರ ಭರಮಪ್ಪ ಗೌಡನ ಕಣಕ್ಕೆ ಬಂದ. ಹೆಳವರೆಂದರೆ ಒಕ್ಕಲುಮನೆಗಳ ವಂಶಾವಳಿಯನ್ನು ನಾಲಿಗೆಯ ಮೇಲೆ ಹೊತ್ತು ಊರೂರು ತಿರುಗುವವರು; ಎತ್ತನ್ನೇರಿ, ಕಾಲನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಬರುತ್ತಾರೆ; ಮೂರು ನಾಲ್ಕು ವರ್ಷಕ್ಕೊಮ್ಮೆ ಬಂದು, ಮೂಲಪುರುಷ ಯಾವ ಊರಿಂದ ಬಂದ, ಯಾರಿಗೆ ಯಾರು ಹುಟ್ಟಿದರು, ಎಲ್ಲಿಗೆ ಹೆಣ್ಣು ಕೊಟ್ಟರು ಎಂಬುದನ್ನೆಲ್ಲ ಹೇಳಿ ಕಾಳು ಪಡೆದು ಹೋಗುತ್ತಾರೆ. ಅಂದು ಭರಮಪ್ಪ ಹದಿನಾಲ್ಕು ತಲೆಗಳ ಹೆಸರು ಹೇಳಿದ. ಮೂರು ವರ್ಷದ ಕೂಸಾಗಿದ್ದಾಗಲೇ ತೀರಿಕೊಂಡ ಮಗನ ಹೆಸರು ಬಂದಾಗ ಗೌಡನ ಮುದಿತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಊರಿನಲ್ಲಿ ಆ ಕೂಸಿನ ನೆನಪು ಬೇರೆ ಯಾರಿಗೂ ಇರಲಿಲ್ಲ. ಎಸ್ತರವ್ವ ಬೇಲಿಯ ಈಚೆ ನಿಂತು ಕೊನೆಯವರೆಗೂ ಕೇಳಿದಳು. ಮರುದಿನ ಭರಮಪ್ಪ ಎತ್ತಿನ ಬೆನ್ನಿಗೆ ಜೂಲು ಹೊದಿಸುತ್ತಿದ್ದಾಗ ಎದುರು ಬಂದು, ತನ್ನ ಮನೆತನವನ್ನೂ ಹೇಳಬೇಕೆಂದು ಕೇಳಿದಳು.

ಭರಮಪ್ಪ ತಬ್ಬಿಬ್ಬಾದ. ನಿಮ್ಮ ಸೀಮೆಯ ಮಣ್ಣು ನಾನು ತುಳಿದವನಲ್ಲ, ನಿಮ್ಮ ಹಿರಿಯರ ಕಾಳು ನಮ್ಮ ಹಿರಿಯರು ಉಂಡವರಲ್ಲ ಎಂದ. ಮೇಲಾಗಿ ಕೊಟ್ಟ ಹೆಣ್ಣು ಗಂಡನ ಮನೆಯ ಲೆಕ್ಕಕ್ಕೆ ಸೇರುತ್ತಾಳೆ, ತವರಿನ ವಂಶ ಹೇಳಿಸುವ ಹಕ್ಕು ಅವಳಿಗಿಲ್ಲ ಎಂದೂ ಸೇರಿಸಿದ.

"ಅಲ್ಲಿ ನನ್ನ ಹೆಸರು ಅಳಿಸ್ಯಾರ, ಭರಮಪ್ಪ. ನಿನ್ನ ಬಾಯಾಗರೆ ಇರಲಿ," ಎಂದಳು.

ಭರಮಪ್ಪ ಜೂಲನ್ನು ಮತ್ತೆ ಕೆಳಗಿಳಿಸಿದ. ಮೂರು ದಿನ ಇಬ್ಬರೂ ದಿಬ್ಬದ ಮೇಲೆ ಬನ್ನಿಮರದ ನೆರಳಿನಲ್ಲಿ ಕುಳಿತರು. ಅಜ್ಜ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ್ದನ್ನು ಆಕೆ ಹೇಳಿದಳು, ಅವನು ತಿರುಗಿ ಹೇಳಿದ. ಮನೆತನದ ಹೆಸರು ಪೆನ್‌ಫೋಲ್ಡ್. ಹಾಗೆಂದರೇನು ಎಂದು ಕೇಳಿದ. ಕುರಿ ಕೂಡುವ ದೊಡ್ಡಿ ಎಂದಳು. ಹಾಗಾದರೆ ನೀವು ದೊಡ್ಡಿಯವರು ಎಂದು ಭರಮಪ್ಪ ಅಡ್ಡಹೆಸರು ಗೊತ್ತುಮಾಡಿದ. ಮೂಲಪುರುಷ ಗೈಲ್ಸ್; ಜೌಗುನೆಲದ ನೀರು ಬಸಿದು, ನಾಲ್ಕೆತ್ತಿನ ನೇಗಿಲು ಹೂಡಿ ಮೊದಲ ಗೆರೆ ಎಳೆದವನು. ಅವನ ಮಗ ವಾಲ್ಟರ್. ವಾಲ್ಟರನ ಮಗ ಆಂಬ್ರೋಸ್. ಆಂಬ್ರೋಸನ ಹೆಂಡತಿ ಜೋನ್ ಪ್ಲೇಗಿನ ವರ್ಷ ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣುಮಾಡಿ, ಉಳಿದೊಬ್ಬ ಮಗ ಎಡ್ಮಂಡನನ್ನು ಸೊಂಟಕ್ಕೆ ಕಟ್ಟಿಕೊಂಡು ಆ ಸಲದ ಗೋದಿ ಬಿತ್ತಿದಳು. ಈ ಮಾತು ಕೇಳಿ ಭರಮಪ್ಪ ಕೈಮುಗಿದನಂತೆ. ಇಂಥ ತಾಯಿ ನಮ್ಮ ಪ್ರತಿ ಮನೆತನದಲ್ಲೂ ಒಬ್ಬಳಿದ್ದಾಳೆ, ಹೆಸರು ಮಾತ್ರ ಬೇರೆ ಎಂದನಂತೆ. ಹೀಗೆ ಇಳಿದು ಇಳಿದು ಅಜ್ಜ ನಥಾನಿಯಲ್, ತಂದೆ ಮಾರ್ಕ್, ಅಣ್ಣ ಸೈಲಸ್, ಆಮೇಲೆ ಹೆಸ್ಟರ್. ಅಲ್ಲಿಗೆ ಆಕೆ ನಿಲ್ಲಿಸಿದಳು. ಮುಂದೆ, ಎಂದ ಭರಮಪ್ಪ. ತನಗೆ ಮಕ್ಕಳಿಲ್ಲ, ಅಣ್ಣನಿಗೆ ಇವೆಯೋ ಇಲ್ಲವೋ ತಿಳಿಯದು ಎಂದಳು.

"ಮುಂದಿನವರ ಹೆಸರಿಲ್ಲದ ಮನಿತನ ನಾವು ಹೇಳಂಗಿಲ್ಲವ್ವಾ. ಹೇಳಿದರ ಆ ಮನಿ ಮುಗೀತು ಅಂತ ನಾವ ಸಾರಿದಂಗ," ಎಂದ ಭರಮಪ್ಪ. ಮುಂದಿನ ಸಲ ಬರುವುದರೊಳಗೆ ಕೇಳಿ ತಿಳಿದಿಡು ಎಂದು ಹೇಳಿ ಎತ್ತನ್ನೇರಿ ಹೋದ.

ಎಸ್ತರವ್ವ ಕಾಗದ ಬರೆಯಲು ಕುಳಿತು ನಾಲ್ಕು ಸಲ ಹರಿದಳು. ಕೊನೆಗೆ ಕಳಿಸಿದ್ದು ಎರಡೇ ಸಾಲು: ನಾನು ಬದುಕಿದ್ದೇನೆ, ನಿನ್ನ ಮಕ್ಕಳ ಹೆಸರು ತಿಳಿಸು. ಆ ಕಾಲಕ್ಕೆ ಕಾಗದ ಹೋಗಿ ಉತ್ತರ ಬರಲು ವರ್ಷ ಹಿಡಿಯುತ್ತಿತ್ತು. ಒಂದು ಸುಗ್ಗಿ ಕಳೆಯಿತು, ಎರಡು ಕಳೆದವು. ಕೆಲಸ ಮುಗಿದ ಮೇಲೆ ಆಕೆ ದಿಬ್ಬ ಹತ್ತಿ ಧಾರವಾಡದ ದಾರಿ ನೋಡುತ್ತ ಕೂರುವುದು ಊರಿಗೆಲ್ಲ ರೂಢಿಯಾಯಿತು. ಅಲ್ಲಿ ಈಗ ಹುಲ್ಲು ಕೊಯ್ಯುತ್ತಿರುತ್ತಾರೆ, ಈಗ ಹಿಮ ಬೀಳುತ್ತಿರುತ್ತದೆ ಎಂದು ಒಮ್ಮೊಮ್ಮೆ ಗೌಡನ ಹೆಂಡತಿಗೆ ಹೇಳುತ್ತಿದ್ದಳಂತೆ. ಹಿಮ ಬೀಳುವುದೆಂದರೇನೆಂದು ಗೌಡನ ಹೆಂಡತಿಗೆ ತಿಳಿಯದಿದ್ದರೂ ಹೂಂಗುಟ್ಟುತ್ತಿದ್ದಳು.

ಮೂರನೆಯ ವರ್ಷ ಉತ್ತರ ಬಂತು. ಅಕ್ಷರ ಅಣ್ಣನದಲ್ಲ. ಆ ಊರ ಇಗರ್ಜಿಯ ಪಾದ್ರಿ ಬರೆದಿದ್ದ. ಸೈಲಸ್ ತೀರಿಕೊಂಡು ಐದು ವರ್ಷವಾಗಿತ್ತು. ಹೊಲ ದೊಡ್ಡ ಜಮೀನುದಾರನ ಪಾಲಾಗಿತ್ತು, ಮನೆ ಬಿದ್ದಿತ್ತು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿದ್ದಳು. ಯಾವ ದೇಶಕ್ಕೆಂದು ಯಾರಿಗೂ ಗೊತ್ತಿರಲಿಲ್ಲ. ಇಗರ್ಜಿಯ ದಫ್ತರದಲ್ಲಿ ಮಕ್ಕಳಿಗೆ ಹೆಸರಿಟ್ಟ ದಾಖಲೆ ಮಾತ್ರ ಇತ್ತು, ಪಾದ್ರಿ ಅದನ್ನೇ ನಕಲು ಮಾಡಿ ಕಳಿಸಿದ್ದ. ದೊಡ್ಡವನು ಮಾರ್ಕ್, ಎರಡನೆಯವನು ಆಂಬ್ರೋಸ್. ಕೊನೆಯದು ಹೆಣ್ಣು, ಇವಳು ಮನೆ ಬಿಟ್ಟ ಐದನೆಯ ವರ್ಷ ಹುಟ್ಟಿದ್ದು. ತಂದೆ ಅದಕ್ಕೆ ಇಟ್ಟ ಹೆಸರು ಹೆಸ್ಟರ್.

ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಆಕೆ ಆ ದಿನವೂ ಕಳೆ ತೆಗೆಯಲು ಹೋದಳು. ಸಾಲು ಮುಗಿಸದೆ ನಡುವೆ ಕುಳಿತುಬಿಟ್ಟಳು. ಗೌಡನ ಹೆಂಡತಿ ಬಂದು ಏನೆಂದು ಕೇಳಿದಾಗ, ಅಣ್ಣ ನನ್ನನ್ನು ಮನೆಗೆ ಕರೆದಿದ್ದ, ನನಗೆ ಕೇಳಿಸಲಿಲ್ಲ ಎಂದಷ್ಟೇ ಹೇಳಿದಳು.

ಸುಗ್ಗಿಗೆ ಭರಮಪ್ಪ ಬಂದ. ಎಸ್ತರವ್ವ ತನ್ನ ಕಣದ ಜೋಳವನ್ನು ಮೊರದಲ್ಲಿ ತಂದು ಅವನ ಮುಂದಿಟ್ಟಳು. ಅವನು ದಿಬ್ಬದ ಮೇಲೆ ಕಂಬಳಿ ಹಾಸಿ ಕುಳಿತು, ಊರವರೆಲ್ಲ ಕೇಳುವಂತೆ, ದೊಡ್ಡಿಯವರ ಗೈಲಪ್ಪನಿಂದ ಹಿಡಿದು ಒಂದೊಂದೇ ಹೆಸರನ್ನು ಎತ್ತಿದ. ಉಚ್ಚಾರ ಎಲ್ಲೆಲ್ಲೋ ಹೋಗಿತ್ತು, ಆಕೆ ತಿದ್ದಲಿಲ್ಲ. ತನ್ನ ಹೆಸರು ಬಂದಾಗ ತಲೆಬಾಗಿ ಕೇಳಿದಳು. ಆಮೇಲೆ ಅಣ್ಣನ ಮೂವರು ಮಕ್ಕಳು. ಕೊನೆಯ ಹೆಸರು ಹೇಳಿ ಭರಮಪ್ಪ, ಈ ಕೂಸು ಈಗ ಯಾವ ಊರಲ್ಲಿದೆ ಎಂದು ಪದ್ಧತಿಯಂತೆ ಕೇಳಿದ.

"ತಿಳೀದಪಾ. ಎಲ್ಲೋ ಒಂದು ಕಡೆ ಒಲಿ ಹಚ್ಚಿರ್ತಾಳ," ಎಂದಳು.

"ಹಂಗಂದರ ಮನಿ ಮುಗಿದಿಲ್ಲ," ಎಂದ ಭರಮಪ್ಪ.

ಪರದೇಶದವರ ವಂಶ ಹೇಳಿದನೆಂದು ಅವನ ಕುಲದವರು ಒಂದು ವರ್ಷ ಅವನನ್ನು ಪಂಕ್ತಿಯಿಂದ ಹೊರಗಿಟ್ಟರು. ಆಕೆಯ ಕಣದ ಕಾಳು ಉಂಡಿದ್ದೇನೆ, ನಾಲಿಗೆ ತಿರುಗಿಸಲಾರೆ ಎಂದು ಅವನು ಹಟಹಿಡಿದ. ಹಿರಿಯರು ಕೊನೆಗೆ ಒಪ್ಪಿಕೊಂಡರು ಎನ್ನುತ್ತಾರೆ. ಎಸ್ತರವ್ವ ಆಮೇಲೆ ಹದಿನೆಂಟು ವರ್ಷ ಬದುಕಿದಳು. ಆಕೆಯನ್ನು ಎಲ್ಲಿ ಮಣ್ಣುಮಾಡಿದರೆಂದು ಖಚಿತವಾಗಿ ಹೇಳುವವರಿಲ್ಲ. ಚಪ್ಪಡಿಗಳ ಕೆಳಗೇ ಎಂದು ಕೆಲವರು, ಹಳ್ಳದ ದಂಡೆಯಲ್ಲಿ ಎಂದು ಕೆಲವರು.

ಇಂದಿಗೂ ಸುಗ್ಗಿಯಲ್ಲಿ ಇಲ್ಲಿ ಇಳಿದವರಿಗೆ ಒಮ್ಮೊಮ್ಮೆ ಹೆಳವರು ಕಾಣಸಿಗುತ್ತಾರೆ. ಎತ್ತಿನ ಬದಲು ಮೋಟಾರ್ ಸೈಕಲ್ಲು ಬಂದಿದೆ, ಕಂಬಳಿ ಮಾತ್ರ ಉಳಿದಿದೆ. ಊರಿನ ಮನೆಗಳನ್ನೆಲ್ಲ ಮುಗಿಸಿ ಹೋಗುವ ಮೊದಲು ಅವರು ದಿಬ್ಬ ಹತ್ತಿ ಕೂರುತ್ತಾರೆ. ಗೈಲಪ್ಪ, ವಾಲಟಪ್ಪ, ಅಂಬರೋಸಪ್ಪ, ಜೋನವ್ವ ಎಂದು ಹೇಳುತ್ತ ಹೋಗಿ, ಅಣ್ಣನ ಮಗಳಾದ ಕೊನೆಯ ಎಸ್ತರವ್ವನ ಹೆಸರಿಗೆ ನಿಲ್ಲುತ್ತಾರೆ. ಬೇರೆ ಮನೆಗಳಲ್ಲಿ ವಂಶ ಹೇಳಿ ಮುಗಿಸುವಾಗ ಹಾಡುವ ಮಂಗಳವನ್ನು ಇಲ್ಲಿ ಹೇಳುವುದಿಲ್ಲ. ಸ್ವಲ್ಪ ಹೊತ್ತು ರಸ್ತೆಯ ಕಡೆ ನೋಡಿ, ಹತ್ತಿರ ನಿಂತವರನ್ನು, ಈ ಮನಿತನದವರು ಯಾರರ ಬಂದಿದ್ದರೇನ್ರೀ ಎಂದು ಕೇಳುತ್ತಾರೆ. ಅಲ್ಲಿ ನಿಂತವರು ಯಾರೇ ಆಗಿರಲಿ, ಇನ್ನೂ ಇಲ್ಲ ಎನ್ನಬೇಕು. ಆಗ ಹೆಳವ ಕಂಬಳಿ ಕೊಡವಿಕೊಂಡು ಏಳುತ್ತಾನೆ.