ಪಾದಪೂಜೆ ನಿಂತ ದಿನ

ಮಡ್ಡಿಹಾಳ ಮಠದ ಪೂಜ್ಯ ಶ್ರೀ ನಿರ್ವಾಣ ಶಿವಯೋಗಿಗಳು ಆ ವರ್ಷದ ಶ್ರಾವಣವನ್ನು ಕಳೆದದ್ದು ಮಠದಲ್ಲಲ್ಲ, ಸರಕಾರಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನ ಕಬ್ಬಿಣದ ಮಂಚದ ಮೇಲೆ. ಸಕ್ಕರೆ ರೋಗದಿಂದ ಎಡಗಾಲಿನ ಹುಣ್ಣು ಕೀವಾಗಿ ಜ್ವರ ಏರಿತ್ತು. ದೊಡ್ಡ ಊರಿನ ಖಾಸಗಿ ಆಸ್ಪತ್ರೆಗೆ ಒಯ್ಯಲು ಭಕ್ತರು ಕಾರು ತಂದು ನಿಲ್ಲಿಸಿದ್ದರು. "ಊರ ಮಂದಿ ಮಲಗೂ ಜಾಗಾದಾಗ ನಾವೂ ಮಲಗ್ತೀವಿ" ಎಂದು ಅಪ್ಪಣೆಯಾಯಿತು.

ಭಕ್ತರು ಅಜ್ಜನವರೆಂದೇ ಕರೆಯುತ್ತಿದ್ದ ಈ ಶಿವಯೋಗಿಗಳ ಶಾಂತಿಯನ್ನು ಕುರಿತು ಹೇಳುವವರು ಬಹಳ. ನಾನು ಹೇಳುತ್ತಿರುವುದು ಅವರ ಸಿಟ್ಟಿನ ಮಾತು. ಇದನ್ನು ನನಗೆ ಹೇಳಿದವರು ಆ ಸಿಟ್ಟಿಗೆ ಗುರಿಯಾದ ಮುರಿಗೆಪ್ಪ ಶೆಟ್ಟರೇ. ಎಣ್ಣೆ ಗಿರಣಿಯ ಮಾಲೀಕರು, ಮಠದ ಆಡಳಿತವೆಲ್ಲ ಅವರ ಕೈಯಲ್ಲಿತ್ತು.

ಆ ವಾರ್ಡನ್ನು ನೋಡಿಕೊಳ್ಳುತ್ತಿದ್ದವರು ರತ್ನಾಬಾಯಿ ಎಂಬ ನರ್ಸ್. ಜೊತೆಯವಳಿಗೆ ವರ್ಗವಾಗಿತ್ತು, ಅವಳ ಜಾಗಕ್ಕೆ ಯಾರೂ ಬಂದಿರಲಿಲ್ಲ, ಹೆರಿಗೆ ವಾರ್ಡಿಗೂ ಇವರೇ ಓಡಬೇಕಿತ್ತು. ಔಷಧ ಇಲ್ಲವೆಂದರೂ, ಡಾಕ್ಟರು ಬರಲಿಲ್ಲವೆಂದರೂ, ನಲ್ಲಿಯಲ್ಲಿ ನೀರಿಲ್ಲವೆಂದರೂ ರೋಗಿಗಳ ಮನೆಯವರು ಬಯ್ಯುತ್ತಿದ್ದುದು ಅವರನ್ನೇ. ಅವರಿಗೆ ಸ್ವಾಮಿಗಳಲ್ಲಿ ನಂಬಿಕೆ ಇರಲಿಲ್ಲ. ಅಜ್ಜನವರ ಗಾಯ ತೊಳೆಯುವಾಗ "ನೋಯ್ತದೇನ್ರಿ?" ಎಂದು ಕೇಳುವರು. "ನೋಯ್ತದವ್ವ. ನೀ ಮಾಡು" ಎನ್ನುವರು ಅಜ್ಜನವರು. ಇಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತಿರಲಿಲ್ಲ.

ಶ್ರಾವಣ ಸೋಮವಾರ ವಾರ್ಡಿಗೆ ಜಾತ್ರೆಯಂತೆ ಜನ ನುಗ್ಗಿದರು. ಬೇರೆ ರೋಗಿಗಳ ಮಂಚದ ಮೇಲೂ ಭಕ್ತರೇ ಕುಳಿತರು. ಊದುಬತ್ತಿ ಹಚ್ಚಿದವರಿಗೆ ರತ್ನಾಬಾಯಿ ಆರಿಸಲು ಹೇಳಿದರೆ, ಅವರು ಅತ್ತ ಹೋದ ಕೂಡಲೇ ಮತ್ತೆ ಹಚ್ಚಿದರು. ಅಷ್ಟರಲ್ಲಿ ಹೆರಿಗೆ ವಾರ್ಡಿನಿಂದ ಕರೆ ಬಂತು, ರತ್ನಾಬಾಯಿ ಓಡಿದರು. ಇತ್ತ ಶೆಟ್ಟರು ಅಜ್ಜನವರ ಬಲಪಾದವನ್ನು ಹಿತ್ತಾಳೆಯ ಪರಾತವೆಂಬ ಅಗಲ ತಟ್ಟೆಯಲ್ಲಿಟ್ಟು ಪೂಜೆ ಆರಂಭಿಸಿದರು. ಅಜ್ಜನವರು ಜ್ವರದ ಮಂಪರಿನಲ್ಲಿ ಕಣ್ಣು ಮುಚ್ಚಿದ್ದರು.

ಪಕ್ಕದ ಮಂಚದಲ್ಲಿ ಯಮನಪ್ಪನೆಂಬ ಹಮಾಲ ಇದ್ದ. ದಮ್ಮು ಹೆಚ್ಚಾಗಿ ಆಕ್ಸಿಜನ್ ಹಚ್ಚಿದ್ದರು. ಪೂಜೆಗೆ ಕೂರಲು ಜಾಗ ಸಾಲದೆಂದು ಶೆಟ್ಟರ ಕಡೆಯವರು ಸಿಲಿಂಡರನ್ನು ಗೋಡೆಯತ್ತ ನೂಕಿದರು. ನಳಿಗೆ ಕಳಚಿದ್ದನ್ನು ಯಾರೂ ನೋಡಲಿಲ್ಲ. ಯಮನಪ್ಪನ ಹೆಂಡತಿ "ಯಪ್ಪಾ, ಯಾರರ ನೋಡ್ರಿ" ಎಂದು ಕೂಗಿದಳು. ಮಂತ್ರದ ಗದ್ದಲದಲ್ಲಿ ಆ ದನಿ ಅಡಗಿಹೋಯಿತು.

ಕೈಯ ರಕ್ತವನ್ನೂ ತೊಳೆಯದೆ ಹೆರಿಗೆ ವಾರ್ಡಿನಿಂದ ಮರಳಿದ ರತ್ನಾಬಾಯಿ ಬಾಗಿಲಿನಿಂದಲೇ ಯಮನಪ್ಪನ ನೀಲಿಗಟ್ಟಿದ ತುಟಿ ಕಂಡರು.

"ಸರೀರಿ! ದಾರಿ ಬಿಡ್ರಿ!"

ಶೆಟ್ಟರು ಅಡ್ಡ ಕೈ ಚಾಚಿದರು. "ಏ ಹುಡುಗಿ, ಪೂಜಿ ನಡದೈತಿ. ಮುಗಿಯೋತನಕ ತಡಿ."

"ಅಲ್ಲಿ ಮನಷ್ಯಾ ಸಾಯಾಕ್ಹತ್ಯಾನ! ನಿಮ್ಮ ಪೂಜಿಗಿಷ್ಟು ಬೆಂಕಿ ಹಾಕ!"

ರತ್ನಾಬಾಯಿ ಅವರನ್ನು ನೂಕಿಕೊಂಡೇ ನುಗ್ಗಿದರು. ಕಾಲು ತಾಗಿ ಪರಾತ ಮಗುಚಿತು. ಶೆಟ್ಟರ ಕೈ ಎದ್ದು, ಎಲ್ಲರೆದುರು ಆ ಹೆಣ್ಣುಮಗಳ ಕೆನ್ನೆಗೆ ಬಿತ್ತು.

ರತ್ನಾಬಾಯಿ ತಿರುಗಿಯೂ ನೋಡಲಿಲ್ಲ. ನಳಿಗೆ ಜೋಡಿಸಿ, ಯಮನಪ್ಪನನ್ನು ಎತ್ತಿ ಕೂರಿಸಿ, ಎದೆಗೊರಗಿಸಿಕೊಂಡು "ಉಸಿರು ತಗೋ ಅಣ್ಣಾ, ತಗೋ" ಎನ್ನುತ್ತ ನಿಂತರು. ಬಹಳ ಹೊತ್ತಿನ ಮೇಲೆ ಅವನ ತುಟಿಗೆ ಬಣ್ಣ ಬಂತು. ಅವನು ಅವರ ಬಿಳಿ ಕೋಟಿನ ತೋಳನ್ನು ಹಿಡಿದವನು ಬಿಡಲೇ ಇಲ್ಲ. ಆಗ ಅವರ ಕಣ್ಣು ತುಂಬಿತು.

ಶಿವಯೋಗಿಗಳು ಕಣ್ಣು ತೆರೆದಿದ್ದರು. ಪಟ್ಟಿ ಕಟ್ಟಿದ ಕಾಲನ್ನೂರಿ ಎದ್ದು ನಿಂತರು. ಪಟ್ಟಿ ಕೆಂಪಾಯಿತು. ಅವರ ಮುಖ ನೋಡಿ ಭಕ್ತರು ಗೋಡೆಗೆ ಸರಿದರು.

"ಮುರಿಗೆಪ್ಪಾ! ಯಾರನ್ನ ಹೊಡದಿ?"

ಶೆಟ್ಟರು ಹೊಡೆದ ಕೈಯನ್ನು ಬೆನ್ನ ಹಿಂದೆ ಸರಿಸಿದರು.

"ಈ ಕಾಲಿಗೆ ನೀ ಹೂವ ಏರಿಸಿದಿ. ಈ ಇನ್ನೊಂದರ ಕೀವು ತಗದಾಕಿ ಆಕಿ. ಆಕೀಗೆ ಕೈ ಎತ್ತಿದಿ! ಪಕ್ಕದಾಗ ಜೀವ ಹೋಗಾಕ್ಹತ್ತಿದ್ರ ನಿನಗ ಮಂತ್ರ ಹೆಂಗ ಬಾಯಾಗ ಬಂತೋ? ನಾನೂ ಕಣ್ಣು ಮುಚಗೊಂಡು ಕಾಲು ಕೊಟ್ಟು ಮಲಗಿದೆ. ನನಗೂ ಹತ್ತೈತಿ ಈ ಪಾಪ." ಗೋಡೆಗೆ ಸರಿದಿದ್ದ ಭಕ್ತರನ್ನೂ ದಿಟ್ಟಿಸಿದರು. "ಇನ್ನ ಈ ಕಾಲಿಗೆ ಯಾರೂ ಹಣಿ ಹಚ್ಚಬ್ಯಾಡ್ರಿ. ಸೇವಾ ಬೇಕಂದ್ರ ಯಮನಪ್ಪನ ಹಾಸಿಗಿ ಹೊಲಸಾಗೈತಿ, ತೊಳೀರಿ."

ಬಳಿಕ ರತ್ನಾಬಾಯಿಯ ಕಡೆ ತಿರುಗಿ ಕೈಮುಗಿದರು. "ತಪ್ಪಾತು, ತಾಯಿ."

"ತಪ್ಪು ಆಮ್ಯಾಲ ಕೇಳೀರಂತ. ಮದಲ ಕುಂದರ್ರಿ, ರಕ್ತ ಸೋರಾಕ್ಹತ್ತೈತಿ!" ಎಂದು ಅವರು ಗದರಿದರು. ಶಿವಯೋಗಿಗಳು ಕುಳಿತು ಕಾಲು ಮುಂದೆ ಚಾಚಿದರು.

ಭಕ್ತರಲ್ಲಿ ಹೆಚ್ಚಿನವರು ಮೆಲ್ಲನೆ ಜಾರಿಕೊಂಡರು. ಶೆಟ್ಟರು ಹೋಗಲಿಲ್ಲ. ರೇಶ್ಮೆ ಪಂಚೆ ಮೇಲಕ್ಕೆ ಕಟ್ಟಿ ಆ ಹಾಸಿಗೆಯ ಬಟ್ಟೆ ತೆಗೆದರು. ಬಚ್ಚಲಿಗೆ ಒಯ್ದು ತೊಳೆಯುವಾಗ ನಾತಕ್ಕೆ ಅಲ್ಲಿಯೇ ವಾಂತಿ ಮಾಡಿಕೊಂಡರು. ರತ್ನಾಬಾಯಿ ಬಂದು ನೋಡಿ, "ಅದನ್ನೂ ನೀವ ತೊಳೀರಿ" ಎಂದು ಹೇಳಿ ಹೋದರು. ಶೆಟ್ಟರು ತೊಳೆದರು. ಮರುದಿನವೂ ಬಂದರು. ಅಜ್ಜನವರು ಗುಣವಾಗಿ ಮಠಕ್ಕೆ ಮರಳಿದ ಮೇಲೂ ಶೆಟ್ಟರು ಈ ಕೆಲಸಕ್ಕೆ ಬರುತ್ತಲೇ ಇದ್ದರು.

"ಆಕಿ ಕ್ಷಮಾ ಮಾಡಿದ್ರೇನ್ರಿ?" ಎಂದು ನಾನು ಕೇಳಿದ್ದುಂಟು.

"ಇಲ್ಲ. ನಾ ಕೇಳೂದೂ ಇಲ್ಲ" ಎಂದರು ಶೆಟ್ಟರು. "ಕೇಳಿದ್ರ ಆಕಿ ಕೆಲಸ ಬಿಟ್ಟು ನನಗ ಉತ್ತರಾ ಹೇಳಬೇಕಾಗ್ತದ."

ಒಮ್ಮೆ ಊರಿನ ದೊಡ್ಡ ಮನುಷ್ಯರೊಬ್ಬರು ರೋಗಿಗಳಿಗೆ ಹಣ್ಣು ಹಂಚಲೆಂದು ಫೋಟೋದವರನ್ನೂ ಹಿಂಬಾಲಕರನ್ನೂ ಕರೆದುಕೊಂಡು ಬಂದರು. ಕೈಯಲ್ಲಿ ಬಕೆಟ್ ಹಿಡಿದಿದ್ದ ಮುರಿಗೆಪ್ಪ ಶೆಟ್ಟರು ವಾರ್ಡಿನ ಬಾಗಿಲಿಗೆ ಅಡ್ಡ ನಿಂತರು.

"ಹೊರಗ ನಿಂದರ್ರಿ. ಒಳಗ ಸಿಸ್ಟರ್ ಕೆಲಸದಾಗ ಅದಾರ."