ನೌಕೆಯದೇ ಕಬ್ಬಿಣ

ಕಾಂತಕ್ಷೇತ್ರ ಅಳೆಯುವ ಕೋಣೆಗೆ ಕಾಲಿಡುವ ಮೊದಲು ಶಾಂಭವಿ ತಲೆಯ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಹೊರಗಿನ ತಟ್ಟೆಯಲ್ಲಿಡುತ್ತಿದ್ದಳು. ಒಂದು ಪಿನ್ನಿನ ಕಬ್ಬಿಣ ಸಾಕು, ಒಳಗಿನ ಅಳತೆ ಕೆಡುತ್ತಿತ್ತು. ಅವಳ ಗುರು ಅಂಬುಜಾಕ್ಷಿ ಮೇಡಂ ಮೊದಲ ದಿನವೇ ಕಲಿಸಿದ ಪಾಠ ಅದು.

ಅಂದು ಪಿನ್ನು ತೆಗೆಯುತ್ತ ಅವಳು ಕೇಳಿದಳು: "ಮೇಡಂ, ಅಕ್ಕ ಆಸ್ಪತ್ರೆಯಲ್ಲಿದ್ದಾಳೆ. ಇನ್ನು ಹೆಚ್ಚು ದಿನ ಇಲ್ಲವಂತೆ. ನನ್ನ ಮದುವೆಗೂ ಬಾರದವಳು, ಎಂಟು ವರ್ಷದಿಂದ ನನ್ನನ್ನು ಕಂಡರಾಗದವಳು. ನಾನು ಹೋಗಲೇಬೇಕಾ?"

ಮೇಡಂ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಒಂದು ಕತೆ ಹೇಳಿದರು.

ಒಬ್ಬ ವಿಜ್ಞಾನಿ ಇದ್ದ. ದೂರದ ಗ್ರಹವೊಂದರ ಸುತ್ತ ಕಾಂತಕ್ಷೇತ್ರ ಇದೆಯೇ ಎಂದು ತಿಳಿಯಲು ನೌಕೆ ಕಳಿಸಿದ. ಅದು ಗ್ರಹದ ಪಕ್ಕದಲ್ಲಿ ಒಂದೇ ಸಲ ಹಾದುಹೋಗುವ ನೌಕೆ. ಮತ್ತೆ ತಿರುಗಿ ಬರುವಂತಿರಲಿಲ್ಲ. ನೌಕೆಯ ಕಬ್ಬಿಣದ ಸೋಂಕು ತಗಲದಿರಲೆಂದು ಸಲಕರಣೆಯನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿದ್ದರು. ಮಡಚಿಟ್ಟಿದ್ದ ಆ ಕೋಲು ದಾರಿಯಲ್ಲಿ ಹೊರಕ್ಕೆ ಚಾಚಿಕೊಳ್ಳಲಿಲ್ಲ. ಸಲಕರಣೆ ನೌಕೆಯ ಮೈಗೇ ಅಂಟಿಕೊಂಡು ಉಳಿಯಿತು.

ಗ್ರಹ ಹತ್ತಿರವಾದಾಗ ಸಲಕರಣೆಯನ್ನು ಮೊದಲ ಸಲ ಚಾಲೂ ಮಾಡಿದರು, ದೊಡ್ಡ ಅಳತೆ ಬಂತು. ಸಿಕ್ಕಿತು ಎಂದು ವಿಜ್ಞಾನಿ ಎಲ್ಲರಿಗೂ ಸಾರಿದ. ನೌಕೆ ಕಟ್ಟಿದ ಮುದುಕನೊಬ್ಬ ಬಂದು ಹೇಳಿದ: "ನೌಕೆಯನ್ನು ಒಂದು ಸುತ್ತು ಹೊರಳಿಸಿ ನೋಡಿ ಸ್ವಾಮಿ. ಅಳತೆಯಲ್ಲಿ ಅದರ ಜೊತೆ ಹೊರಳುವ ಪಾಲು ನಮ್ಮ ಕಬ್ಬಿಣದ್ದು. ಹೊರಳದೆ ಉಳಿಯುವುದು ಗ್ರಹದ್ದು."

"ಇಪ್ಪತ್ತು ವರ್ಷ ಇದೇ ಗ್ರಹವನ್ನು ಓದಿದ್ದೇನೆ. ಅದರ ಗುಣ ನೀನು ನನಗೆ ಹೇಳಿಕೊಡುತ್ತೀಯಾ?" ಎಂದ ವಿಜ್ಞಾನಿ.

ನೌಕೆ ಹಾದುಹೋಯಿತು. ಗ್ರಹ ಹಿಂದೆ ಉಳಿದು ಚುಕ್ಕೆಯಾಯಿತು. ಅಳತೆ ಮಾತ್ರ ಇಳಿಯಲಿಲ್ಲ. ಆಗ ಅವನು ನೌಕೆಯನ್ನು ಹೊರಳಿಸಿದ. ಬಂದ ಅಳತೆಯೆಲ್ಲ ನೌಕೆಯ ಜೊತೆಗೇ ಹೊರಳಿತು. ಕಬ್ಬಿಣದ ಪಾಲು ದಿನಕ್ಕೊಂದು ಬಗೆಯಾಗಿ ಬದಲಾಗುತ್ತಿದ್ದುದರಿಂದ ಹಳೆಯ ಅಳತೆಯಿಂದ ಅದನ್ನು ಕಳೆಯುವ ದಾರಿಯೂ ಇರಲಿಲ್ಲ. ಗ್ರಹದ್ದು ಅದರೊಳಗೆ ಒಂದಿಷ್ಟು ಇತ್ತೋ, ಏನೂ ಇರಲಿಲ್ಲವೋ, ಸಾಯುವವರೆಗೂ ಅವನಿಗೆ ತಿಳಿಯಲಿಲ್ಲ.

ಶಾಂಭವಿ ಕೊನೆಯ ಪಿನ್ನನ್ನೂ ತೆಗೆದು ತಟ್ಟೆಯಲ್ಲಿಟ್ಟಳು. "ಅಕ್ಕ ನನಗೆ ಚೆನ್ನಾಗಿ ಗೊತ್ತು ಮೇಡಂ. ಜೊತೆಗೆ ಬೆಳೆದವಳು," ಎಂದಳು.

"ಹಾಗಾದರೆ ಈ ಎಂಟು ವರ್ಷದಲ್ಲಿ ಅವಳು ಆಡಿದ ಒಂದೇ ಒಂದು ಮಾತು ಹೇಳಮ್ಮ, ನಿನ್ನದೇನೂ ಸೇರಿಸದೆ."

ಶಾಂಭವಿ ಪಿನ್ನುಗಳನ್ನು ತಟ್ಟೆಯಲ್ಲೇ ಬಿಟ್ಟು ಆಸ್ಪತ್ರೆಗೆ ಹೊರಟಳು.